ಗೊಳಸಂಗಿಯ ಸುದ್ದಿ ಹಲಗೆ

ಪ್ರತಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಆರೂವರೆಗೆ ನಾನು ಟಾರ್ಚು ಬಿಚ್ಚಿ ಒರೆಸಿಡುತ್ತೇನೆ. ಎಂಬತ್ತು ದಾಟಿದ ಮೇಲೂ ಈ ಪದ್ಧತಿ ತಪ್ಪಿಲ್ಲ. ಇಂಡಿಯಲ್ಲಿ ತಮ್ಮನ ಮಗನ ಮನೆಯಲ್ಲಿದ್ದೇನೆ. ಇಲ್ಲಿ ಯಾರೂ ಟಾರ್ಚು ಹಿಡಿಯುವುದಿಲ್ಲ, ಎಲ್ಲರಿಗೂ ಫೋನಿನಲ್ಲೇ ಬೆಳಕಿದೆ. ಹೋದ ತಿಂಗಳು ಮುಚ್ಚಳ ತಿರುಗಿಸಿದಾಗ ಒಳಗಿನ ಶೆಲ್ಲೊಂದು ಒಡೆದು ಕರಿ ಪುಡಿ ಅಂಗೈಗೆ ಸುರಿಯಿತು. ಮೂಗಿಗೆ ಹಿಡಿದೆ. ಸ್ವಲ್ಪ ಹುಳಿ, ಸ್ವಲ್ಪ ತುಕ್ಕು. ಐವತ್ತು ವರ್ಷ ಹಿಂದೆ ಈ ಪುಡಿಯನ್ನೇ ಹಸಿ ಸೊಪ್ಪಿನ ರಸದಲ್ಲಿ ಕಲಸಿ ನಾವು ಶಾಲೆಯ ಹಲಗೆಗೆ ಹಚ್ಚುತ್ತಿದ್ದೆವು. ಸತ್ತ ಶೆಲ್ಲುಗಳನ್ನು ಕೂಡಿಟ್ಟು, ಒಡೆದು, ಅರೆದು ಹಚ್ಚಿದರೆ ಹಲಗೆ ಕಾಡಿಗೆಯ ಹಾಗೆ ಕಪ್ಪಗಾಗುತ್ತಿತ್ತು.

ಕೈ ತೊಳೆದುಕೊಂಡೆ. ವಾಸನೆ ಮಾತ್ರ ಹೋಗಲಿಲ್ಲ. ಅಂದು ಇಡೀ ದಿನ ನನ್ನ ತಲೆಯಲ್ಲಿ ೧೯೭೫ನೇ ಇಸವಿ ಕುಳಿತಿತ್ತು, ಮತ್ತು ರಜಿಯಾ.

ಆಗ ನನಗೆ ಮೂವತ್ತನಾಲ್ಕು. ಬಸವನ ಬಾಗೇವಾಡಿ ತಾಲ್ಲೂಕಿನ ಗೊಳಸಂಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ರಭಾರ ಮುಖ್ಯೋಪಾಧ್ಯಾಯಿನಿ. ಮದುವೆಯಾಗಿರಲಿಲ್ಲ. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು ಎಂಬ ವಸತಿ ಶಾಲೆಯಲ್ಲಿ ಬೆಳೆದವಳು ನಾನು. ಆ ಗಂಟೆ ಇಂದಿಗೂ ನನ್ನೊಳಗೆ ಹೊಡೆಯುತ್ತದೆ. ಗೊಳಸಂಗಿಗೆ ಹೋದ ವರ್ಷವೇ ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಒಂದು ಸುದ್ದಿ ಹಲಗೆ ನಿಲ್ಲಿಸಿದೆ. ಹುಬ್ಬಳ್ಳಿಯಿಂದ ಪತ್ರಿಕೆ ಬರುವಾಗ ಮಧ್ಯಾಹ್ನವಾಗುತ್ತಿತ್ತು, ಬರದ ದಿನಗಳೂ ಇದ್ದವು. ಬೆಳಿಗ್ಗೆ ಏಳು ಮೂವತ್ತೈದಕ್ಕೆ ರೇಡಿಯೋದ ಕನ್ನಡ ವಾರ್ತೆ ಕೇಳುವುದು, ಎಂಟೂಕಾಲಿಗೆ ಹಲಗೆಯ ಮುಂದೆ ನಿಲ್ಲುವುದು, ಎಂಟೂವರೆಗೆ ಸುಣ್ಣದ ಕಡ್ಡಿ ಕೆಳಗಿಡುವುದು. ನಾಲ್ಕು ಕಾಲಂ: ದೇಶ, ನಾಡು, ಆಟ, ಕಲೆ. ನಿಯಮ ಒಂದೇ: ಕಣ್ಣಿಂದ ಕಂಡದ್ದು ಅಥವಾ ರೇಡಿಯೋದಲ್ಲಿ ಕೇಳಿದ್ದು ಮಾತ್ರ ಹಲಗೆ ಮೇಲೆ ಬರಬೇಕು. ಯಾರೋ ಅಂದದ್ದು ಬರಕೂಡದು. ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ್ ಟಿಕೆಟ್ಟು ಹರಿಯುವುದನ್ನು ಬಿಟ್ಟು ಕಿಟಕಿಯಿಂದ ನನ್ನ ಹಲಗೆ ಓದುತ್ತಿದ್ದ. ಆ ಹತ್ತು ಕ್ಷಣ ನನಗೆ ಸಂಬಳಕ್ಕಿಂತ ಹೆಚ್ಚಿನದಾಗಿತ್ತು.

ಡಿಸೆಂಬರ್ ಕೊನೆಯ ದಿನ ಮಾತ್ರ ಹಲಗೆಗೆ ಬೇರೆ ಪದ್ಧತಿ. ಅಂದು ಹೊಸದಾಗಿ ಮಸಿ ಹಚ್ಚಿ, ಇಡೀ ವರ್ಷ ದೇಶದಲ್ಲಿ ಏನೇನು ನಡೆಯಿತು ಎಂಬುದನ್ನು ನಾಲ್ಕೂ ಕಾಲಂ ತುಂಬ ಬರೆಯುವುದು. ಊರವರು ಅದನ್ನು ‘ವರ್ಷದ ಹಲಗಿ’ ಎನ್ನುತ್ತಿದ್ದರು. ಎರಡು ವರ್ಷ ನಾನೇ ಬರೆದಿದ್ದೆ.

ರಜಿಯಾ ಆ ವರ್ಷದ ಜನವರಿಯಲ್ಲಿ ಸಹಶಿಕ್ಷಕಿಯಾಗಿ ಬಂದಳು. ಸಿಂದಗಿಯವಳು, ಇಪ್ಪತ್ತನಾಲ್ಕರ ಹುಡುಗಿ, ತಂದೆಗೆ ಅಲ್ಲಿ ಬಟ್ಟೆಯ ಅಂಗಡಿ. ತೊಗಲಿನ ಚೀಲದ ಒಂದು ಪುಟ್ಟ ರೇಡಿಯೋ ಹೆಗಲಿಗೆ ಹಾಕಿಕೊಂಡೇ ಬಸ್ಸಿಳಿದಳು. ನಾವಿಬ್ಬರೂ ಒಂದೇ ಮನೆಯ ಎರಡು ಕೋಣೆಗಳಲ್ಲಿದ್ದೆವು. ನಡುವೆ ಮಣ್ಣಿನ ಗೋಡೆ. ಶಿಕ್ಷಕಿಯರನ್ನು ಬಾಯಾರು ಎನ್ನುವ ಆ ಊರವರು ನನ್ನನ್ನು ದೊಡ್ಡ ಬಾಯಾರು, ಅವಳನ್ನು ಸಣ್ಣ ಬಾಯಾರು ಎಂದರು. ಹಲಗೆಯ ಕೆಲಸವನ್ನು ವಾರಕ್ಕೊಬ್ಬರಂತೆ ಹಂಚಿದೆ. ಹಂಚಿದವಳು ನಾನೇ. ಆಮೇಲೆ ಅದಕ್ಕಾಗಿ ನನ್ನನ್ನು ನಾನೇ ಬೈದುಕೊಂಡೆ.

ಅವಳ ಅಕ್ಷರ ಓರೆ. ಗೆರೆ ನೆಟ್ಟಗಿರುತ್ತಿರಲಿಲ್ಲ. ಎಂಟೂವರೆಗೆ ಮುಗಿಸಬೇಕಾದದ್ದು ಒಂಬತ್ತಾದರೂ ಮುಗಿಯುತ್ತಿರಲಿಲ್ಲ, ಏಕೆಂದರೆ ಅವಳು ಬರೆದು ಸುಮ್ಮನೆ ಹೋಗುತ್ತಿರಲಿಲ್ಲ. ಬಾವಿಗೆ ಹೋಗುವ ಹೆಂಗಸರು ಕೊಡ ಇಳಿಸಿ ನಿಲ್ಲುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಇವಳು ಬರೆದದ್ದನ್ನು ಹೇಳುತ್ತಿದ್ದಳು. ಹೇಳುವಾಗ ಕೈ, ಕಣ್ಣು, ಸೆರಗು ಎಲ್ಲ ಸುದ್ದಿ ಹೇಳುತ್ತಿದ್ದವು. ನನ್ನ ವಾರದಲ್ಲೂ ಮುದುಕಿ ಗಂಗವ್ವ ಬಂದು, ನನ್ನ ಮುತ್ತಿನಂಥ ಅಕ್ಷರಗಳ ಮುಂದೆ ನಿಂತು, “ಸಣ್ಣ ಬಾಯಾರ ಎಲ್ಲ್ಯದಾರ? ಇವತ್ತಿಂದು ಏನಂತ ಕೇಳೂಣಂದ್ರ” ಎನ್ನುತ್ತಿದ್ದಳು.

“ಇಲ್ಲೇ ಬರದೇನಲ್ಲ ಗಂಗವ್ವ.”

“ಬರದೀರಿ ಖರೆ. ಅದು ಮಾತಾಡವಲ್ದು.”

ಮಾರ್ಚಿನಲ್ಲಿ ಹಾಕಿಯ ವಿಶ್ವಕಪ್ ಬಂತು. ಫೈನಲ್ ದಿನ ಶನಿವಾರ. ಶಾಲೆ ಬಿಟ್ಟಿತ್ತು. ಕಾಮೆಂಟರಿ ಹಿಂದಿಯಲ್ಲಿ, ರಜಿಯಾ ನಮ್ಮ ಕಟ್ಟೆಯ ಮೇಲೆ ರೇಡಿಯೋ ಇಟ್ಟುಕೊಂಡು ಒಂದೊಂದೇ ಮಾತನ್ನು ಕನ್ನಡ ಮಾಡಿ ಓಣಿಯವರಿಗೆ ಹೇಳುತ್ತಿದ್ದಳು. “ಪಾಕಿಸ್ತಾನದವ್ರು ಒಂದು ಹಾಕಿದ್ರು… ತಡೀರಿ, ತಡೀರಿ… ನಮ್ಮವ್ರೂ ಹಾಕಿದ್ರು!” ಎತ್ತು ಹೊಡೆದುಕೊಂಡು ಹೋಗುತ್ತಿದ್ದವನು ಬಂಡಿ ನಿಲ್ಲಿಸಿ ಇಳಿದ. ನಾನು ಒಳಗೆ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ತಿದ್ದುತ್ತಿದ್ದೆ ಎಂದು ಅವರೆಲ್ಲ ತಿಳಿದಿದ್ದರು. ನಾನು ಕೇಳುತ್ತಿದ್ದುದು ರೇಡಿಯೋವನ್ನಲ್ಲ, ಅವಳ ಒಂದೊಂದು ಮಾತಿಗೂ ಏಳುತ್ತಿದ್ದ ಗದ್ದಲವನ್ನು.

ಎರಡು–ಒಂದರಿಂದ ಗೆದ್ದರು. ಅವಳು ಸುಣ್ಣದ ಕಡ್ಡಿ ಹಿಡಿದು ಬೇವಿನ ಮರದ ಕಡೆ ಓಡಿದಳು. ನಾನು ಬಾಗಿಲಿಗೆ ಬಂದು ಕೂಗಿದೆ, “ರಜಿಯಾ, ಈ ವಾರ ನಂದು. ಬೆಳಗಿನ ವಾರ್ತೆ ಬರಲಿ, ಬರೀತೇನಿ.”

“ಅಕ್ಕಾರ, ನಾಳೀತನಕ ಗೆಲುವು ತಣ್ಣಗಾಗ್ತೈತ್ರಿ!” ಎಂದವಳು ತಿರುಗಿಯೂ ನೋಡಲಿಲ್ಲ. ನಾಲ್ಕೂ ಕಾಲಂ ಅಳಿಸಿ, ಮೇಲಿಂದ ಕೆಳಗಿನ ತನಕ ಒಂದೇ ಮಾತು ಬರೆದಳು: ‘ಗೆದ್ದೆವು!’ ಹೋಟೆಲಿನ ಈರಣ್ಣ ಒಂದು ತಟ್ಟೆ ಪೇಢೆ ತಂದು ಹಂಚಿದ.

ಮರುದಿನ ಭಾನುವಾರ. ಭಾನುವಾರ ಹಲಗೆಗೆ ರಜೆ. ಆದರೂ ಎಂಟೂಕಾಲಿಗೆ ಹೋಗಿ, ಅವಳ ಬರಹವನ್ನು ಒದ್ದೆ ಅರಿವೆಯಿಂದ ಒರೆಸಿ, ಆಟದ ಕಾಲಂನಲ್ಲಿ ಎರಡು ಸಾಲು ಸರಿಯಾಗಿ ಬರೆದೆ. ಪದ್ಧತಿ ಮುರಿದವಳು ಅವಳೆಂದು ಆಗ ತಿಳಿದಿದ್ದೆ. ಈರಣ್ಣ ಚಹಾದ ಕಪ್ಪು ತೊಳೆಯುತ್ತ ನೋಡಿದ.

“ಬಾಯಾರ, ನಿನ್ನೀದು ಯಾಕ ಅಳಿಸಿದ್ರಿ?”

“ವಿವರ ಇದ್ದಿದ್ದಿಲ್ಲ. ಈಗ ನೋಡು, ಯಾವ ಊರಾಗ ಆಡಿದ್ರು, ಎಷ್ಟು ಗೋಲು, ಎಲ್ಲ ಐತಿ.”

“ಎಲ್ಲ ಐತ್ರಿ,” ಎಂದ ಅವನು. “ಖುಷಿ ಒಂದು ಬರಿಯೂದು ಉಳದೈತ್ರಿ.”

ಏಪ್ರಿಲಿನಲ್ಲಿ ನಮ್ಮ ದೇಶದ ಮೊದಲ ಉಪಗ್ರಹ ಹಾರಿತು. ಅದು ಅವಳ ವಾರ. ಬಾವಿಯ ಹೆಂಗಸರಿಗೆ ಅರ್ಥವಾಗಲಿಲ್ಲ. ರಜಿಯಾ ಗಂಗವ್ವನ ತಂಬಿಗೆ ಇಸಿದುಕೊಂಡು, ಅದಕ್ಕೆ ಸೇದುವ ಹಗ್ಗ ಕಟ್ಟಿ, ತಲೆಯ ಸುತ್ತ ಗಿರಗಿರ ತಿರುಗಿಸಿದಳು. “ಹಿಂಗ ಸುತ್ತತೈತಿ ನೋಡು ಬೇ. ಹಗ್ಗ ಅಷ್ಟ ಕಾಣಾಂಗಿಲ್ಲ.”

“ನಮ್ಮ ತಂಬಿಗಿ ಕೆಳಗ ಇಳಸವಾ,” ಎಂದಳು ಗಂಗವ್ವ, “ಅದು ಹೋದ್ರ ಸರ್ಕಾರ ಕೊಡ್ತೈತಿ, ಇದು ಹೋದ್ರ ಸೊಸಿ ಕೊಡಾಂಗಿಲ್ಲ.”

ನಗುವವರ ಹಿಂದೆ ಪಂಚಾಯ್ತಿ ಚೇರ್ಮನ್ ಶಿವಲಿಂಗಪ್ಪಗೌಡರು ನಿಂತಿದ್ದರು. ಹಲಗೆಯ ಮರ, ಮೊಳೆ ಕೊಟ್ಟವರು ಅವರೇ. ನನ್ನನ್ನು ನೋಡಿ ಬಹಳ ಮರ್ಯಾದೆಯಿಂದ ಅಂದರು: “ಬಾಯಾರ, ಈ ಸಲ ವರ್ಷದ ಹಲಗಿ ಸಣ್ಣ ಬಾಯಾರ ಬರೀಲಿ. ಬರದು ಹೇಳ್ಲಿ. ಊರೆಲ್ಲಾ ಕೂಡಿಸ್ತೇನಿ.”

“ಆಗಲಿರಿ,” ಎಂದೆ. ಅಂದು ಮಧ್ಯಾಹ್ನದ ಊಟ ಹನ್ನೆರಡೂವರೆಗೆ ಸರಿಯಾಗಿ ಮಾಡಿದೆ.

ಆ ದಿನದಿಂದ ನಾನು ಎಣಿಸಲಾರಂಭಿಸಿದೆ. ಅವಳ ವಾರದಲ್ಲಿ ಎಷ್ಟು ಜನ ನಿಂತರು, ನನ್ನ ವಾರದಲ್ಲಿ ಎಷ್ಟು. ಶಾಲೆಯ ಹುಡುಗಿಯರು ಯಾರ ಚೀಲ ಹೊತ್ತರು. ಗೌಡರ ಮನೆಯ ಮಜ್ಜಿಗೆ ಮೊದಲು ಯಾರ ಬಾಗಿಲಿಗೆ ಬಂತು. ಅದು ಮಹಿಳೆಯರ ವರ್ಷವೆಂದು ಲೋಕವೆಲ್ಲ ಸಾರಿತ್ತು. ದೇಶದ ಕಾಲಂನಲ್ಲಿ ಜನವರಿಯಲ್ಲಿ ನಾನೇ ಬರೆದಿದ್ದೆ. ಗೋಡೆಯ ಆಚೆ ಅವಳು ಹಾಡು ಗುನುಗಿದರೆ ನಾನು ಈಚೆ ಹಲ್ಲು ಕಡಿಯುತ್ತಿದ್ದೆ. ಅವಳಿಗೆ ನನ್ನ ಮೇಲೆ ಕಿಂಚಿತ್ತೂ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಜೂನ್ ಕೊನೆಯಲ್ಲಿ ತುರ್ತು ಪರಿಸ್ಥಿತಿ ಬಂತು. ಆ ವಾರ ನನ್ನದು. ರೇಡಿಯೋ ಹೇಳಿದ್ದನ್ನು ದೇಶದ ಕಾಲಂನಲ್ಲಿ ಒಂದು ಸಾಲು ಬರೆದೆ. ಜನ ಓದಿದರು, ಯಾರೂ ಏನೂ ಕೇಳಲಿಲ್ಲ. ಮುಂದಿನ ಸೋಮವಾರದಿಂದ ರಜಿಯಾಳ ವಾರ. ಅಂದು ಬೆಳಿಗ್ಗೆ ಏಳೂಕಾಲಿಗೆ ಅವಳು ನನ್ನ ಬಾಗಿಲಲ್ಲಿ ನಿಂತಳು.

“ಅಕ್ಕಾರ, ನನ್ನ ಶೆಲ್ಲು ಸತ್ತಾವ್ರಿ. ಅಂಗಡ್ಯಾಗ ತೀರ್ಯಾವಂತ. ರವಿವಾರ ಬಾಗೇವಾಡಿಗೆ ಹೋಗಿ ತರ್ತೇನಿ. ಅಲ್ಲೀತನಕ ನಿಮ್ಮ ರೇಡಿಯೋ ಮುಂದ ಹತ್ತು ನಿಮಿಷ ಕುಂಡರ್ಲೇನ್ರಿ?”

ಈರಣ್ಣನ ಹೋಟೆಲಿನಲ್ಲಿ ಇನ್ನೊಂದು ರೇಡಿಯೋ ಇತ್ತು, ಆದರೆ ಆ ಕಾಲದಲ್ಲಿ ಹೋಟೆಲಿನ ಮುಂದೆ ಹೆಣ್ಣುಮಕ್ಕಳು ನಿಲ್ಲುವಂತಿರಲಿಲ್ಲ. ಅವಳಿಗೆ ನನ್ನ ಹೊರತು ದಾರಿ ಇರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಹೊಸ ಶೆಲ್ಲು ನಾಲ್ಕಿದ್ದವು, ಸುತ್ತಿದ ಕಾಗದವೂ ಹರಿದಿರಲಿಲ್ಲ.

“ನಂದೂ ಕೆಟ್ಟೈತಿ ರಜಿಯಾ,” ಎಂದೆ. “ನಿನ್ನೆಯಿಂದ ಬರೇ ಗೊರ್ ಅಂತೈತಿ.”

ನನ್ನ ಆಯುಷ್ಯದಲ್ಲಿ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೊಂದೇ ಸಲ.

“ಅಯ್ಯ, ಹೌದೇನ್ರಿ! ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡೂಣ್ರಿ, ರಿಪೇರಿ ಮಾಡಿಸ್ಕೊಂಡು ಬರ್ತಾನ.”

“ಬ್ಯಾಡ. ನಾನ ನೋಡ್ಕೋತೇನಿ.”

ಅವಳು ಹೋದ ಮೇಲೆ ಬಾಗಿಲು ಹಾಕಿದೆ. ಏಳು ಮೂವತ್ತೈದಾಗುವ ತನಕ ಕಾದೆ. ವಾರ್ತೆ ತಪ್ಪಿಸುವುದು ನನ್ನಿಂದ ಆಗದ ಕೆಲಸ. ರೇಡಿಯೋವನ್ನು ಹಾಸಿಗೆಯ ಮೇಲಿಟ್ಟು, ಸಣ್ಣಗೆ ಹಚ್ಚಿ, ನನ್ನ ತಲೆಗೂ ಅದಕ್ಕೂ ಸೇರಿಸಿ ಕೌದಿ ಹೊದ್ದುಕೊಂಡು ಕೇಳಿದೆ. ಸೋಮವಾರದಿಂದ ಶನಿವಾರದ ತನಕ ಆರೂ ದಿನ, ಸೆಕೆಯಲ್ಲಿ ಬೆವರುತ್ತ.

ರಜಿಯಾ ಆ ಆರು ದಿನ ನಾಡಿನ ಕಾಲಂನಲ್ಲಿ ಕಂಡ ಮಳೆಯನ್ನು ಬರೆದಳು. ಆಟದಲ್ಲಿ ನಮ್ಮ ಹುಡುಗಿಯರ ಖೋಖೋ. ಕಲೆಯಲ್ಲಿ ಮುದ್ದೇಬಿಹಾಳಕ್ಕೆ ಬಂದಿದ್ದ ನಾಟಕ ಕಂಪನಿ. ಅದರ ಜಾಹೀರಾತು ಬಸ್ಸಿಗೇ ಅಂಟಿಸಿತ್ತು. ದೇಶದ ಕಾಲಂ ಖಾಲಿ. ಕೇಳದ್ದನ್ನು ಬರೆಯಕೂಡದು ಎಂಬ ನನ್ನ ನಿಯಮವನ್ನು ಅವಳು ಆ ವರ್ಷವಿಡೀ ಅಷ್ಟು ನಿಷ್ಠೆಯಿಂದ ಪಾಲಿಸಿದ್ದು ಅದೊಂದೇ ವಾರ.

ಶಾಲೆಯ ಲಾಗ್ ಪುಸ್ತಕ ನನ್ನ ಕೈಯಲ್ಲಿತ್ತು. ದಿನವೂ ಸಂಜೆ ಐದಕ್ಕೆ ತುಂಬುತ್ತಿದ್ದೆ. ಆರು ದಿನವೂ ಬರೆದೆ: ‘ಸುದ್ದಿ ಹಲಗೆ: ದೇಶದ ಕಾಲಂ ಖಾಲಿ. ಹೊಣೆ: ಸಹಶಿಕ್ಷಕಿ.’ ಪಕ್ಕದಲ್ಲಿ ‘ಕಾರಣ’ ಎಂದು ಒಂದು ಕಾಲಂ ಇತ್ತು. ಅದನ್ನು ನಾನು ಖಾಲಿ ಬಿಟ್ಟೆ. ಡಿಸೆಂಬರಿನಲ್ಲಿ ಗೌಡರ ಮುಂದೆ ಈ ಪುಟ ತೆರೆದು, ಇಂಥವಳ ಕೈಗೆ ವರ್ಷದ ಹಲಗೆ ಕೊಡುವುದೇ ಎಂದು ಕೇಳಬೇಕು ಎಂದುಕೊಂಡಿದ್ದೆ. ಅಷ್ಟೇ ನನ್ನ ಲೆಕ್ಕಾಚಾರ. ಆ ಪುಟವನ್ನು ಗೌಡರಿಗಿಂತ ಮೊದಲು ಬೇರೆಯವರು ತೆರೆದರು.

ನವೆಂಬರಿನಲ್ಲಿ ತಪಾಸಣೆಗೆ ಸಾಹೇಬರು ಬಂದರು. ಹೊಸಬರು, ಎಲ್ಲದಕ್ಕೂ ಹೆದರುವವರು. ಆ ವರ್ಷ ಕಚೇರಿಗಳಲ್ಲಿ ಎಲ್ಲರೂ ಯಾರಿಗೋ ಹೆದರುತ್ತಿದ್ದರು. ಲಾಗ್ ಪುಸ್ತಕದ ಹಾಳೆ ತಿರುವುತ್ತ ಬಂದು, ಆ ಪುಟದಲ್ಲಿ ಬೆರಳು ನಿಲ್ಲಿಸಿದರು. ತಾರೀಖುಗಳನ್ನು ಎರಡು ಸಲ ನೋಡಿದರು; ಅದೇ ದಿನಗಳಲ್ಲಿ ಕೆಲವು ಪತ್ರಿಕೆಗಳು ಪ್ರತಿಭಟನೆಗೆಂದು ಜಾಗ ಖಾಲಿ ಬಿಟ್ಟಿದ್ದವು. ರಜಿಯಾಳನ್ನು ಕರೆಸಿದರು.

“ಏನಿದು? ದೇಶದಾಗ ಇಂಥಾ ಹೊತ್ತಿನಾಗ ಆರು ದಿನ ಖಾಲಿ ಬಿಟ್ಟೀರಿ? ಯಾರಿಗೆ ತೋರ್ಸಾಕ ಬಿಟ್ರಿ?”

“ಯಾರಿಗೂ ಅಲ್ರಿ ಸರ್. ವಾರ್ತಾ ಕೇಳಾಕ ಆಗಲಿಲ್ರಿ. ಕೇಳದ್ದು ಬರೀಲಿಲ್ಲ.”

“ಈ ಊರಾಗ ರೇಡಿಯೋನ ಇಲ್ಲೇನು?”

ಅವಳು ನನ್ನ ಕಡೆ ನೋಡಿದಳು. ಸಾಹೇಬರೂ ನೋಡಿದರು. ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಲಾಗ್ ಪುಸ್ತಕದ ಅಂಚು ಮೇಜಿನ ಅಂಚಿಗೆ ಸಮನಾಗಿರಲಿಲ್ಲ. ಅದನ್ನು ಸರಿಪಡಿಸಿದೆ.

ಡಿಸೆಂಬರ್ ಮೊದಲ ವಾರ ಆದೇಶ ಬಂತು: ಸಿಂದಗಿ ತಾಲ್ಲೂಕಿನ ಆಲಮೇಲಕ್ಕೆ ವರ್ಗ, ತಕ್ಷಣ ಹೊರಡಬೇಕು. ಇಲಾಖೆಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆಯೂ ಬಿತ್ತು. ಆ ಗೆರೆಯಿಂದ ಅವಳ ಬಡ್ತಿ ಎಷ್ಟೋ ವರ್ಷ ತಡವಾಯಿತೆಂದು ನನಗೆ ಆಮೇಲೆ ತಿಳಿಯಿತು. ಬಸ್ಸು ನಿಂತಾಗ ಶಾಲೆಯ ಹುಡುಗಿಯರು ಚಕ್ರದ ಮುಂದೆ ಕುಳಿತುಬಿಟ್ಟರು. ಕಂಡಕ್ಟರ್ ಸೀಟಿ ಹೊಡೆಯಲಿಲ್ಲ. ರಜಿಯಾ ಒಬ್ಬೊಬ್ಬಳನ್ನೇ ಎಬ್ಬಿಸಿ, ಕೊನೆಗೆ ನನ್ನ ಕೈಯಲ್ಲಿ ಒಂದು ಕಾಗದದ ಪೊಟ್ಟಣ ಇಟ್ಟಳು.

“ಸತ್ತ ಶೆಲ್ಲು ನಾಕು ಅದಾವ್ರಿ ಅಕ್ಕಾರ. ವರ್ಷದ ಹಲಗಿಗೆ ಮಸಿ ಬೇಕಾಗ್ತೈತಲ್ಲ, ಅದಕ್ಕ ಕೂಡಿಟ್ಟಿದ್ದೆ.”

ಡಿಸೆಂಬರ್ ಮೂವತ್ತೊಂದರಂದು ಆ ನಾಲ್ಕು ಶೆಲ್ಲು ಒಡೆದು ಅರೆದೆ. ಅಂಥ ಕಪ್ಪು ಆ ಹಲಗೆಗೆ ಹಿಂದೆಂದೂ ಬಂದಿರಲಿಲ್ಲ. ನಾಲ್ಕು ಕಾಲಂ ನೆಟ್ಟಗೆ ಗೆರೆ ಹೊಡೆದು ವರ್ಷವನ್ನು ಬರೆದೆ. ಮಹಿಳೆಯರ ವರ್ಷ. ಸಿಕ್ಕಿಂ ನಮ್ಮ ರಾಜ್ಯವಾದದ್ದು. ಉಪಗ್ರಹ. ತುರ್ತು ಪರಿಸ್ಥಿತಿ. ಹಾಕಿಯಲ್ಲಿ ಗೆಲುವು, ಕ್ರಿಕೆಟ್ಟಿನ ಮೊದಲ ವಿಶ್ವಕಪ್ಪಿನಲ್ಲಿ ಸೋಲು. ಮುದ್ದೇಬಿಹಾಳದ ನಾಟಕ. ಒಂದು ಕಾಗುಣಿತ ತಪ್ಪಿಲ್ಲ, ಒಂದು ಅಕ್ಷರ ಗೆರೆ ದಾಟಿಲ್ಲ.

ಗೌಡರು ಮಾತು ಕೊಟ್ಟಿದ್ದಂತೆ ಸಂಜೆ ಊರನ್ನು ಕೂಡಿಸಿದ್ದರು. “ಓದಿ ಹೇಳ್ರಿ ಬಾಯಾರ” ಎಂದರು. ಓದಿದೆ. ಮುಗಿಸಿ ಗಡಿಯಾರ ನೋಡಿದೆ, ಏಳು ನಿಮಿಷ. ತಲೆ ಎತ್ತಿದಾಗ ಗೌಡರು, ಈರಣ್ಣ, ಗಂಗವ್ವ ಮತ್ತು ಎರಡು ಆಡುಗಳು ಉಳಿದಿದ್ದವು.

“ಮುಗೀತೇನವಾ ವರ್ಷ?” ಎಂದಳು ಗಂಗವ್ವ. ಕೊಡ ಎತ್ತಿಕೊಂಡು ಹೋದಳು.

ಮುಂದಿನ ಮೇ ತಿಂಗಳಲ್ಲಿ ನಾನೇ ಕೇಳಿಕೊಂಡು ನಾಲತವಾಡಕ್ಕೆ ವರ್ಗ ಮಾಡಿಸಿಕೊಂಡೆ. ಆಮೇಲೆ ಎಲ್ಲಿಯೂ ಸುದ್ದಿ ಹಲಗೆ ನಿಲ್ಲಿಸಲಿಲ್ಲ.

ಟಾರ್ಚಿನ ಶೆಲ್ಲು ಒಡೆದ ನಾಲ್ಕನೇ ದಿನ, ಬೆಳಗಿನ ಬಸ್ಸಿಗೆ ನಾನು ಇಂಡಿಯಿಂದ ಆಲಮೇಲಕ್ಕೆ ಹೊರಟೆ. ರಜಿಯಾ ಅಲ್ಲೇ ಮದುವೆಯಾಗಿ, ಅಲ್ಲೇ ನಿವೃತ್ತಳಾದ ಸುದ್ದಿ ಇತ್ತು. ಚೀಲದಲ್ಲಿ ಹೊಸ ಶೆಲ್ಲು ನಾಲ್ಕು ಇಟ್ಟುಕೊಂಡಿದ್ದೆ. ಯಾಕೆಂದು ಮನೆಯಲ್ಲಿ ಕೇಳಿದವರಿಗೆ ಹೇಳಲಿಲ್ಲ. ದಾರಿಯುದ್ದಕ್ಕೂ ಕಬ್ಬು. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಹಣ್ಣಿನವನು, “ಸುದ್ದಿ ಬಾಯಾರ ಮನೀನಾ? ಈಗ ಕಟ್ಟೀ ಮ್ಯಾಲ ಇರ್ತಾರ ನೋಡ್ರಿ” ಎಂದ.

ಕಟ್ಟೆಯ ಮೇಲೆ ಹನ್ನೆರಡು ಜನ ಹೆಂಗಸರು. ಮೊಮ್ಮಗಳು ಪತ್ರಿಕೆ ಓದುತ್ತಿದ್ದಳು. ರಜಿಯಾಳಿಗೆ ಈಗ ಕಣ್ಣು ಮಂಜು. ಒಂದೊಂದು ಸುದ್ದಿ ಓದಿದ ಮೇಲೆ ಇವಳು ಅದನ್ನು ಹೇಳುತ್ತಿದ್ದಳು. ಕೈಯೂ ಸೆರಗೂ ಹಾಗೇ ಆಡುತ್ತಿದ್ದವು. ನಾನು ಒಂದು ಮಾತು ಆಡಿದ್ದೇ ತಡ, ಧ್ವನಿ ಹಿಡಿದಳು.

“ಅಕ್ಕಾರ! ಗೊಳಸಂಗಿ ಅಕ್ಕಾರ!” ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. “ನೋಡ್ರೆವಾ, ನನಗ ಸುದ್ದಿ ಬರಿಯೋದು ಕಲಿಸಿದವ್ರು ಇವರ.”

ಶೆಲ್ಲುಗಳನ್ನು ಅವಳ ಉಡಿಗೆ ಹಾಕಿದೆ. ಮುಟ್ಟಿ ನೋಡಿದಳು, ಒಂದು, ಎರಡು, ಮೂರು, ನಾಲ್ಕು. ನಕ್ಕಳು. “ಲೇಟಾತಲ್ರಿ ಅಕ್ಕಾರ. ರೇಡಿಯೋ ಹೋಗಿ ಯಾ ಕಾಲಾತು.”

ಹೆಂಗಸರು ಏನದು ಎಂದು ಕೇಳಿದರು. ಪತ್ರಿಕೆ ಮಡಚಿಸಿ ಅವಳು ಆ ವರ್ಷವನ್ನು ಹೇಳಲಾರಂಭಿಸಿದಳು: ಬೇವಿನ ಮರ, ನಾಲ್ಕು ಕಾಲಂ, ಹಾಕಿ, ಬಂಡಿ ನಿಲ್ಲಿಸಿದವನು, ಗಂಗವ್ವನ ತಂಬಿಗೆ. ತುರ್ತು ಪರಿಸ್ಥಿತಿಯ ವಾರ ಬಂತು.

“ನನ್ನ ಶೆಲ್ಲು ತೀರಿದ್ವು. ಅಕ್ಕಾರ ರೇಡಿಯೋನೂ ಅದ ವಾರ ಕೆಟ್ಟಿತ್ತು…”

“ಕೆಟ್ಟಿದ್ದಿಲ್ಲ,” ಎಂದೆ. ಐವತ್ತು ವರ್ಷ ಹೇಳದ ಮಾತು, ಹಾಜರಿ ಕೂಗಿದಷ್ಟು ಚಿಕ್ಕದಾಗಿ ಬಂತು.

“ಗೊತ್ತೈತ್ರಿ,” ಎಂದಳು ರಜಿಯಾ. “ಗ್ವಾಡಿ ತೆಳ್ಳಗಿತ್ತು. ಕೌದ್ಯಾಗಿನ ವಾರ್ತಾ ನನಗೂ ಕೇಳ್ತಿತ್ತು. ಆರೂ ದಿನ.”

ಒಬ್ಬಾಕೆ ಬಾಯಿ ಬಿಟ್ಟಳು. “ಕೇಳ್ತಿತ್ತಂದ್ರ ಯಾಕ ಬರೀಲಿಲ್ರಿ ಮತ್ತ? ಸುಮ್ನ ವರ್ಗಾ ಮಾಡಿಸ್ಕೊಂಡ್ರಲ್ಲ!”

“ಹೆಂಗ ಬರೀಲೇ? ಅಕ್ಕಾರ ರೇಡಿಯೋ ಕೆಟ್ಟೈತಿ ಅಂತ ಸೋಮವಾರ ವಾರ್ತಾಕ್ಕ ಮೊದಲ ನೀರಿಗೆ ಹೋದಾಗ ಬಾವಿ ಮ್ಯಾಲ ಎಲ್ಲಾರಿಗೂ ಹೇಳಿದ್ದೆ. ದೇಶದ ಸುದ್ದಿ ಬರೆದಿದ್ರ ಎಲ್ಲಿ ಕೇಳಿದ್ರಿ ಅಂತಿದ್ರು. ಊರ ಮುಂದ ಅಕ್ಕಾರ ಮಾತು ಸುಳ್ಳಾಗ್ತಿತ್ತು.”

ಅಷ್ಟು ಹೇಳಿ, ಅದು ದೊಡ್ಡ ವಿಷಯವೇ ಅಲ್ಲ ಎಂಬಂತೆ, ಸಾಹೇಬರ ಕಥೆಗೆ ಹೋದಳು. ಸಾಹೇಬರ ಬೆರಳು ಹೇಗೆ ನಡುಗುತ್ತಿತ್ತು ಎಂದು ಬೆರಳು ನಡುಗಿಸಿ ತೋರಿಸಿದಳು. ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಚಕ್ರದ ಮುಂದೆ ಕುಳಿತ ಹುಡುಗಿಯರ ಮಾತು ಬಂದಾಗ ಅದೇ ಹೆಂಗಸರು ಕಣ್ಣೊರೆಸಿಕೊಂಡರು. ಅದು ನನ್ನದೂ ವರ್ಷ. ನಾನು ದಿನವೂ ತಾರೀಖು ಹಾಕಿ ಬರೆದಿಟ್ಟ ವರ್ಷ. ಅದನ್ನು ಅವಳು ನನ್ನ ಕಣ್ಣೆದುರಿಗೇ ತನ್ನದು ಮಾಡಿಕೊಂಡಳು. ಮತ್ತೆ ಅದೇ ಹಳೆಯ ಉರಿ ಎದೆಯಲ್ಲಿ ಎದ್ದಿತು, ಒಂದು ದಿನವೂ ಹಳೆಯದಾಗದ ಹಾಗೆ.

ಅವಳು ಮುಗಿಸಿದಾಗ ನಾನು ಕೈಗಡಿಯಾರ ನೋಡಿಕೊಂಡೆ. ಇಪ್ಪತ್ತೆರಡು ನಿಮಿಷ. ಯಾರೊಬ್ಬರೂ ಎದ್ದು ಹೋಗಿರಲಿಲ್ಲ. ಇಂಡಿಗೆ ಹೋಗುವ ನನ್ನ ಬಸ್ಸು ಹೊರಟು ಹತ್ತು ನಿಮಿಷವಾಗಿತ್ತು.